ಕೊನೆಯ ರೀಲು ಯಾರದು? ಜಾರ್ಜ್ ರೊಮೆರೊ ಸಿನಿಮಾ ಮಾಡಿದ ಬಗೆ

(ಸಿನಿಮಾ ಆಸಕ್ತರ ಒಂದು ಭಾನುವಾರದ ಕೂಟದಲ್ಲಿ, ಚಿತ್ರ ಪ್ರದರ್ಶನದ ನಂತರ ಆಡಿದ ಮಾತು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಾರ್ಜ್ ರೊಮೆರೊ ನಿರ್ದೇಶಿಸಿದ ಅಮೆರಿಕದ ದೆವ್ವದ ಸಿನಿಮಾ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಈಗಷ್ಟೇ ಮುಗಿಯಿತು. ದೀಪ ಹಾಕಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ‘ಇಷ್ಟೇನಾ? ಅವನನ್ನೂ ಸಾಯಿಸಿಬಿಟ್ರಾ?’ ಅಂದರು. ನಾನು ಏನು ಮಾತಾಡಬೇಕು ಅಂತ ಬರೆದುಕೊಂಡು ಬಂದಿದ್ದೆನೋ, ಅದೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಆ ದೃಶ್ಯವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಬೆಳಗಾಗಿದೆ. ರಾತ್ರಿಯಿಡೀ ಎದ್ದು ಬಂದ ಹೆಣಗಳ ಜೊತೆ ಬಡಿದಾಡಿ ಉಳಿದವನು ಬೆನ್ ಒಬ್ಬನೇ. ಹೊರಗೆ ನಾಯಿ ಬೊಗಳುವುದು, ಗುಂಡು ಹಾರುವುದು ಕೇಳಿಸುತ್ತದೆ. ನೆಲಮಾಳಿಗೆಯಿಂದ ಮೇಲೆ ಬಂದು, ಕೋವಿ ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಕಾಪಾಡಲು ಬಂದ ಅಲ್ಲಿನ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್‌ನ ತಂಡ ಅವನನ್ನೂ ಹೆಣ ಅಂದುಕೊಂಡು ಹಣೆಗೇ ಗುರಿಯಿಟ್ಟು ಹೊಡೆಯುತ್ತದೆ. ಅಷ್ಟರಲ್ಲಿ ಚಿತ್ರ ಚಲಿಸುವುದೇ ನಿಲ್ಲುತ್ತದೆ. ಆಮೇಲೆ ಬರುವುದೆಲ್ಲ ಸ್ಥಿರಚಿತ್ರಗಳು, ಪೇಪರಿನಲ್ಲಿ ಅಚ್ಚಾದ ಫೋಟೊಗಳ ಥರ ಒರಟು. ಮಾಂಸ ಎಳೆಯುವ ಕೊಕ್ಕೆ ಹಿಡಿದ ಕೈಗಳು, ಬೆನ್‌ನ ಮುಖ, ಸೌದೆ, ಬೆಂಕಿ. ಹಿಂದೆ ವಾಕಿಟಾಕಿಯ ಗೊರಗೊರ. ನಟರ ಹೆಸರುಗಳು ಈ ಚಿತ್ರಗಳ ಮೇಲೆಯೇ ಬರುತ್ತವೆ.

ಇದು 1968ರ ಸಿನಿಮಾ. ಬೆನ್ ಕಪ್ಪು ಮನುಷ್ಯ, ಹೊಡೆದವರು ಬಿಳಿಯರು. ಆ ಕಾಲದಲ್ಲಿ ಇಂಥ ಕೊನೆಯನ್ನು ಯಾವ ದೊಡ್ಡ ಸ್ಟುಡಿಯೊ ಒಪ್ಪುತ್ತಿತ್ತು? ಒಪ್ಪಲೂ ಇಲ್ಲ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತ ಒಂದು ಕಂಪನಿ, ಕಡಿಮೆ ಬಜೆಟ್ಟಿನ ದೆವ್ವದ ಸಿನಿಮಾಗಳನ್ನೇ ಮಾರಿ ಬದುಕುತ್ತಿದ್ದದ್ದು. ಅವರೂ ಕೊನೆ ಬದಲಿಸಿ ಅಂದರು. ರೊಮೆರೊ ಆಗಲ್ಲ ಅಂದರು. ಕೊಲಂಬಿಯಾ ಸ್ಟುಡಿಯೊದವರಿಗೆ ಕಪ್ಪು-ಬಿಳುಪು ಬೇಡವಾಗಿತ್ತು.

ನಾನು ಹೇಳಬೇಕಾದ್ದು ಇಷ್ಟೇ. ಜಾರ್ಜ್ ರೊಮೆರೊ ಅವರ ಸಿನಿಮಾ ಜೀವನವೆಂದರೆ ಕೊನೆಯ ರೀಲಿನ ಮೇಲೆ ನಡೆದ ಒಂದು ಉದ್ದನೆಯ ಚೌಕಾಸಿ. ಪ್ರತಿ ಸಲವೂ ಅದನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳಲು ಅವರು ಏನನ್ನೋ ಬಿಟ್ಟುಕೊಟ್ಟರು. ಒಮ್ಮೊಮ್ಮೆ ಬಿಟ್ಟುಕೊಟ್ಟದ್ದೇ ಜಾಸ್ತಿಯಾಯಿತು.

ಮೊದಲು ಊರಿನ ವಿಷಯ. ರೊಮೆರೊ ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಕಾಲೇಜು ಓದಲು ಪಿಟ್ಸ್‌ಬರ್ಗ್‌ಗೆ ಬಂದವರು ಅಲ್ಲೇ ಉಳಿದರು. ಪೆನ್ಸಿಲ್ವೇನಿಯಾದ ಉಕ್ಕಿನ ಊರು ಅದು. ಸಿನಿಮಾ ಉದ್ಯಮ ಅನ್ನುವುದು ಅಲ್ಲಿ ಇರಲಿಲ್ಲ. ಗೆಳೆಯರ ಜೊತೆ ಸೇರಿ ‘ಲೇಟೆಂಟ್ ಇಮೇಜ್’ ಅಂತ ಚಿಕ್ಕ ಕಂಪನಿ ಮಾಡಿಕೊಂಡರು. ಬಿಯರ್ ಜಾಹೀರಾತು, ಸೋಪಿನ ಪುಡಿ ಜಾಹೀರಾತು, ಕಾರ್ಖಾನೆಗಳಿಗೆ ಬೇಕಾದ ಚಿತ್ರಗಳು, ಸಿಕ್ಕಿದ ಕೆಲಸವೆಲ್ಲ. ಮಿಸ್ಟರ್ ರೋಜರ್ಸ್ ಅಂತ ಮಕ್ಕಳ ಟಿವಿ ಕಾರ್ಯಕ್ರಮ ಅಲ್ಲಿ ಮನೆಮಾತು. ಅದಕ್ಕಾಗಿ ರೋಜರ್ಸ್ ಅವರ ಗಂಟಲಿನ ಟಾನ್ಸಿಲ್ ತೆಗೆಸುವ ಕತೆಯನ್ನು ಚಿತ್ರಿಸಿಕೊಟ್ಟಿದ್ದೂ ಇದೇ ರೊಮೆರೊ. ನಾನು ಮಾಡಿದ್ದರಲ್ಲಿ ತುಂಬಾ ಹೆದರಿಸುವ ಸಿನಿಮಾ ಅದೇ ಅಂತ ತಮಾಷೆ ಮಾಡುತ್ತಿದ್ದರಂತೆ.

ಈ ಜಾಹೀರಾತು ದುಡಿಮೆಯನ್ನು ಕೀಳಾಗಿ ಕಾಣಬೇಡಿ. ನಿಮ್ಮಲ್ಲಿ ಕೆಲವರು ಮದುವೆ ವಿಡಿಯೊ, ಯೂಟ್ಯೂಬ್ ಜಾಹೀರಾತು ಮಾಡಿಕೊಂಡು ‘ಇದೆಲ್ಲ ಹೊಟ್ಟೆಪಾಡಿಗೆ, ನಿಜವಾದ ಸಿನಿಮಾ ಮುಂದೆ’ ಅಂತ ಇದ್ದೀರಿ ಅಂತ ಗೊತ್ತು. ರೊಮೆರೊಗೆ ಕ್ಯಾಮೆರಾ, ಲೈಟು, ಎಡಿಟಿಂಗ್ ಟೇಬಲ್ ಕೈಗೆ ಬಂದದ್ದು ಅದೇ ಹೊಟ್ಟೆಪಾಡಿನಿಂದ. ‘ನೈಟ್’ ಸಿನಿಮಾವನ್ನು ಬರೆದವರಲ್ಲಿ ಒಬ್ಬರು, ನಿರ್ದೇಶಿಸಿದವರು, ಕ್ಯಾಮೆರಾ ಹಿಡಿದವರು, ಕತ್ತರಿಸಿ ಜೋಡಿಸಿದವರು ಎಲ್ಲವೂ ಅವರೇ. ಮೂವತ್ತು ಸೆಕೆಂಡಿನಲ್ಲಿ ಕತೆ ಹೇಳುವ ಅಭ್ಯಾಸ ಆ ಎಡಿಟಿಂಗಿನಲ್ಲಿ ಕಾಣುತ್ತದೆ. ಸ್ಮಶಾನದ ಮೊದಲ ದೃಶ್ಯದಲ್ಲಿ ಶಾಟ್‌ಗಳು ಎಷ್ಟು ಚಿಕ್ಕವು, ಗಮನಿಸಿದಿರಾ?

ದುಡ್ಡು ಹೇಗೆ ಬಂತು? ಹತ್ತು ಜನ ಸೇರಿದರು. ಒಬ್ಬೊಬ್ಬರು 600 ಡಾಲರ್ ಹಾಕಿದರು. ಅದಕ್ಕೇ ಕಂಪನಿಗೆ ‘ಇಮೇಜ್ ಟೆನ್’ ಅಂತ ಹೆಸರು. 6,000 ಡಾಲರಿನಿಂದ ಶುರುವಾದದ್ದು, ಸ್ವಲ್ಪ ಚಿತ್ರಿಸಿ ತೋರಿಸಿ ಇನ್ನಷ್ಟು ಜನರಿಂದ ಎತ್ತಿ, ಕೊನೆಗೆ ಸುಮಾರು 1,14,000 ಡಾಲರ್‌ಗೆ ಬಂದು ನಿಂತಿತು. 1967ರ ಜೂನ್‌ನಿಂದ ಡಿಸೆಂಬರ್‌ವರೆಗೆ, ಜಾಹೀರಾತಿನ ಕೆಲಸ ಬಿಡುವು ಕೊಟ್ಟಾಗಲೆಲ್ಲ ಚಿತ್ರೀಕರಣ.

ಇವಾನ್ಸ್ ಸಿಟಿ ಅನ್ನುವ ಪುಟ್ಟ ಊರಿನ ಹತ್ತಿರ, ಕೆಡವಲು ನಿರ್ಧಾರವಾಗಿದ್ದ ಒಂದು ತೋಟದ ಮನೆ ಸಿಕ್ಕಿತು. ಕೆಡವುವ ಮನೆ ತಾನೇ, ಗೋಡೆಗೆ ಮೊಳೆ ಹೊಡೆದರೂ ಕಿಟಕಿ ಒಡೆದರೂ ಕೇಳುವವರಿಲ್ಲ. ನಲ್ಲಿ ನೀರಿರಲಿಲ್ಲ. ತಂಡದ ಕೆಲವರು ಅಲ್ಲೇ ಮಲಗುತ್ತಿದ್ದರು. ದುಡ್ಡು ಹಾಕಿದವರಲ್ಲಿ ಒಬ್ಬರು ಮಾಂಸದ ವ್ಯಾಪಾರಿ. ಹೆಣಗಳು ತಿನ್ನುವ ಕರುಳು, ಮಾಂಸ ಬಂದದ್ದು ಅವರ ಕಡೆಯಿಂದ. ರಕ್ತ ಅಂದರೆ ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಅದು ನಿಜವಾದ ರಕ್ತಕ್ಕಿಂತ ಚೆನ್ನಾಗಿ ಕಾಣುತ್ತದೆ. ನಿರ್ಮಾಪಕರಲ್ಲಿ ಒಬ್ಬರಾದ ಕಾರ್ಲ್ ಹಾರ್ಡ್‌ಮನ್ ಹ್ಯಾರಿ ಕೂಪರ್ ಪಾತ್ರ ಮಾಡಿದರು. ಕಚ್ಚಿಸಿಕೊಂಡು ಮಲಗಿರುವ ಹುಡುಗಿ ಅವರ ಸ್ವಂತ ಮಗಳು. ಟಿವಿ ವರದಿಗಾರನಾಗಿ ಬರುವ ಬಿಲ್ ಕಾರ್ಡಿಲ್ ನಿಜವಾಗಿಯೂ ಪಿಟ್ಸ್‌ಬರ್ಗ್‌ನ ಟಿವಿ ಮುಖ. ಶನಿವಾರ ರಾತ್ರಿ ದೆವ್ವದ ಸಿನಿಮಾ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು. ಆ ಊರಿನವರಿಗೆ ಅವರ ಮುಖ ಕಂಡರೆ ಸುದ್ದಿ ನಿಜ ಅನಿಸದೆ ಇರುತ್ತಾ?

ಕಾರಿನ ಕತೆಯನ್ನಂತೂ ಹೇಳಲೇಬೇಕು. ಮೊದಲ ದೃಶ್ಯದ ಕಾರು ಜಾನಿ ಪಾತ್ರ ಮಾಡಿದ ರಸೆಲ್ ಸ್ಟ್ರೈನರ್ ಅವರ ತಾಯಿಯದು. ಚಿತ್ರೀಕರಣದ ನಡುವೆ ಒಂದು ದಿನ ಆ ಕಾರಿಗೆ ಎಲ್ಲೋ ಪೆಟ್ಟು ಬಿದ್ದು ನುಜ್ಜಾಯಿತು. ಮೊದಲರ್ಧದಲ್ಲಿ ಚೆನ್ನಾಗಿರುವ ಕಾರು ಆಮೇಲೆ ತಗ್ಗು ಬಿದ್ದಿದ್ದರೆ ಏನು ಹೇಳುವುದು? ಜಾನಿಯ ಸೋದರಿ ಬಾರ್ಬರಾ ಗಾಬರಿಯಲ್ಲಿ ಕಾರನ್ನು ಮರಕ್ಕೆ ಗುದ್ದುವಂತೆ ಕತೆಯನ್ನೇ ತಿದ್ದಿದರು. ಹಾಗಾಗಿಯೇ ಅವಳು ಓಡಬೇಕಾಯಿತು. ಇವತ್ತು ನೋಡಿದರೆ ಆ ಗುದ್ದು ಇಲ್ಲದ ದೃಶ್ಯವನ್ನು ಊಹಿಸುವುದೇ ಕಷ್ಟ.

ಬೆನ್ ಪಾತ್ರದ್ದೂ ಇದೇ ರೀತಿ. ಬರೆದಾಗ ಅವನು ಒರಟು ಮಾತಿನ ಲಾರಿ ಚಾಲಕ. ಕಪ್ಪು ಮನುಷ್ಯ ಅಂತ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಆಡಿಷನ್‌ಗೆ ಬಂದವರಲ್ಲಿ ಡುವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ತೆಗೆದುಕೊಂಡೆವು, ಅಷ್ಟೇ ಅಂತ ರೊಮೆರೊ ಕೊನೆಯವರೆಗೂ ಹೇಳುತ್ತಿದ್ದರು. ಜೋನ್ಸ್ ಓದಿಕೊಂಡವರು, ರಂಗಭೂಮಿಯವರು. ಆ ಒರಟು ಮಾತುಗಳನ್ನು ಹಾಗೇ ಆಡಲು ಒಪ್ಪದೆ ಪಾತ್ರದ ನುಡಿಯನ್ನೇ ಬದಲಿಸಿದರು. ನನ್ನ ಪ್ರಕಾರ ಈ ಸಿನಿಮಾದ ಅರ್ಧ ತೂಕ ಅವರದು. ರೊಮೆರೊ ಮೇಲೆ ನನಗಿರುವ ಮೆಚ್ಚುಗೆಯಲ್ಲಿ ಜೋನ್ಸ್ ಹೆಸರು ಮುಚ್ಚಿಹೋಗಬಾರದು ಅಂತ ಇದನ್ನು ಹೇಳಿದೆ.

ಪ್ರಿಂಟನ್ನು ಕಾರಿನಲ್ಲಿಟ್ಟುಕೊಂಡು ಮಾರಲು ನ್ಯೂಯಾರ್ಕಿಗೆ ಹೊರಟ ರಾತ್ರಿ 1968ರ ಏಪ್ರಿಲ್ 4. ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದ ಸುದ್ದಿಯನ್ನು ದಾರಿಯಲ್ಲಿ ರೇಡಿಯೊದಲ್ಲಿ ಕೇಳಿದೆವು ಅಂತ ರೊಮೆರೊ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಸಿನಿಮಾ ಆಗಲೇ ಮುಗಿದಿತ್ತು. ಅದಕ್ಕೆ ಹೊಸದೊಂದು ಅರ್ಥ ಅಂಟಿಕೊಂಡದ್ದು ಡಿಕ್ಕಿಯಲ್ಲಿದ್ದಾಗ.

ಕೊನೆಗೆ ವಾಲ್ಟರ್ ರೀಡ್ ಅನ್ನುವ ಹಂಚಿಕೆ ಸಂಸ್ಥೆ ಸಿನಿಮಾವನ್ನು ಇದ್ದ ಹಾಗೇ ತೆಗೆದುಕೊಂಡಿತು. ಕೊನೆಯ ದೃಶ್ಯ ಉಳಿಯಿತು. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನ ಫುಲ್ಟನ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುವ ಅಮೆರಿಕದ ರೇಟಿಂಗ್ ಪದ್ಧತಿ ಶುರುವಾದದ್ದು ಅದರ ಮುಂದಿನ ತಿಂಗಳು. ಹಾಗಾಗಿ ಮಧ್ಯಾಹ್ನದ ಆಟಕ್ಕೆ ಸಣ್ಣ ಮಕ್ಕಳೂ ಬಂದು ಕೂತುಬಿಟ್ಟರು. ವಿಮರ್ಶಕ ರೋಜರ್ ಈಬರ್ಟ್ 1969ರಲ್ಲಿ ಅದರ ಬಗ್ಗೆಯೇ ಬರೆದರು. ಶುರುವಿನಲ್ಲಿ ಕೂಗಾಡಿ ನಗುತ್ತಿದ್ದ ಮಕ್ಕಳು ಅರ್ಧಕ್ಕೆ ಬರುವಷ್ಟರಲ್ಲಿ ಸುಮ್ಮನಾಗಿಬಿಟ್ಟಿದ್ದರಂತೆ. ಕೆಲವರು ಅಳುತ್ತಿದ್ದರಂತೆ.

ಈಗ ಹೊಟ್ಟೆ ಉರಿಸುವ ಭಾಗ.

ಸಿನಿಮಾದ ಮೊದಲ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ಹಂಚಿಕೆಯವರು ಹೆಸರು ಬದಲಿಸಿದರು. ಹಳೆಯ ಶೀರ್ಷಿಕೆಯ ಫ್ರೇಮ್ ತೆಗೆದು ಹೊಸದು ಹಾಕಿದರು. ಕಾಪಿರೈಟ್ ಸೂಚನೆ ಇದ್ದದ್ದು ಹಳೆಯ ಫ್ರೇಮಿನಲ್ಲಿ. ಹೊಸದರಲ್ಲಿ ಅದನ್ನು ಹಾಕಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸೂಚನೆ ಇಲ್ಲದೆ ಬಿಡುಗಡೆಯಾದರೆ ಹಕ್ಕು ಹೋಯಿತು, ಮುಗೀತು. ಸಿನಿಮಾ ಎಲ್ಲರ ಆಸ್ತಿಯಾಯಿತು. ಯಾರು ಬೇಕಾದರೂ ಪ್ರಿಂಟ್ ಹಾಕಬಹುದು, ಟಿವಿಯಲ್ಲಿ ತೋರಿಸಬಹುದು, ಕ್ಯಾಸೆಟ್ ಮಾಡಿ ಮಾರಬಹುದು. ಮಾಡಿದವರಿಗೆ ಒಂದು ಕಾಸೂ ಕೊಡಬೇಕಿಲ್ಲ. ಇವತ್ತು ಈ ಪ್ರದರ್ಶನಕ್ಕೆ ನಾವು ಅದನ್ನು ಸುಲಭವಾಗಿ ತಂದುಕೊಂಡದ್ದೂ ಅದರಿಂದಲೇ.

ಯೋಚಿಸಿ ನೋಡಿ. ಕೊನೆ ಬದಲಿಸಲ್ಲ ಅಂತ ಹಟ ಹಿಡಿದು ಒಳ್ಳೆ ವ್ಯಾಪಾರ ಬಿಟ್ಟವರು. ಕೊನೆ ಉಳಿಸಿಕೊಂಡರು, ಇಡೀ ಸಿನಿಮಾ ಕೈತಪ್ಪಿತು. ಅದಕ್ಕಿಂತ ದೊಡ್ಡ ಅನ್ಯಾಯ ಮುಂದೆ ಆಯಿತು. 1986ರಲ್ಲಿ ಯಾರೋ ಅದಕ್ಕೆ ಬಣ್ಣ ಬಳಿದರು. 1990ರ ದಶಕದ ಕೊನೆಗೆ, ಜೊತೆಗೆ ಸ್ಕ್ರಿಪ್ಟ್ ಬರೆದಿದ್ದ ಜಾನ್ ರುಸೊ ಅವರೇ ಹೊಸ ದೃಶ್ಯಗಳನ್ನು ಚಿತ್ರಿಸಿ, ಹೊಸ ಸಂಗೀತ ಹಾಕಿ, ಹಿಂದೆ ಮುಂದೆ ಸೇರಿಸಿ ಇನ್ನೊಂದು ಆವೃತ್ತಿ ತಂದರು. ಸ್ಟುಡಿಯೊಗೆ ಮುಟ್ಟಲು ಬಿಡದ ಕೊನೆಗೆ ಇನ್ನೊಂದು ಬಾಲ ಬಂತು. ರೊಮೆರೊ ಅದರಲ್ಲಿ ಇರಲಿಲ್ಲ. ತಡೆಯಲು ಅವರ ಹತ್ತಿರ ಕಾಗದವೂ ಇರಲಿಲ್ಲ.

ಇಲ್ಲಿ ನಮ್ಮ ಕಾನೂನಿನ ಬಗ್ಗೆ ಒಂದು ಮಾತು, ಯಾಕೆಂದರೆ ಹೋದ ಸಲ ಒಬ್ಬರು ಕೇಳಿದ್ದರು. ಭಾರತದಲ್ಲಿ ಸಿನಿಮಾದ ಮೇಲೆ ಆ ‘ಸಿ’ ಗುರುತು ಹಾಕದಿದ್ದರೂ ಹಕ್ಕು ಹೋಗುವುದಿಲ್ಲ. ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಆದರೆ ಒಂದು ವಿಷಯ ನೆನಪಿರಲಿ. ಕಾನೂನಿನ ಕಣ್ಣಲ್ಲಿ ಸಿನಿಮಾದ ಒಡೆಯ ನಿರ್ಮಾಪಕ, ನಿರ್ದೇಶಕ ಅಲ್ಲ. ಗೆಳೆಯರು ಸೇರಿ ದುಡ್ಡು ಹಾಕುವಾಗ ಯಾರು ನಿರ್ಮಾಪಕ ಅಂತ ಕಾಗದದಲ್ಲಿ ಬರೆದುಕೊಳ್ಳಿ. ಗೆಳೆತನ ಅಂತ ಸುಮ್ನೆ ಬಿಡಬೇಡಿ.

ರೊಮೆರೊ ಅವರ ಮುಂದಿನ ಕೆಲವು ಸಿನಿಮಾಗಳು ಓಡಲಿಲ್ಲ. ಅವನ್ನು ಬೇಗ ದಾಟುತ್ತೇನೆ. ದೊಡ್ಡ ತಿರುವು ಬಂದದ್ದು ಹೆಣಗಳು ಏಳುವ ಕತೆಯನ್ನೇ ಮುಂದುವರಿಸಿದ 1978ರ ‘ಡಾನ್ ಆಫ್ ದಿ ಡೆಡ್’ನಲ್ಲಿ. ಪಿಟ್ಸ್‌ಬರ್ಗ್ ಹತ್ತಿರದ ಮನ್ರೋವಿಲ್ ಮಾಲ್ ನಡೆಸುವವರಲ್ಲಿ ಒಬ್ಬರು ರೊಮೆರೊಗೆ ಪರಿಚಯ. ಜನರಿಗೆ ಕಾಣದ ಒಳಕೋಣೆಗಳನ್ನು ಅವರು ತೋರಿಸಿದರು. ಲೋಕ ಮುಳುಗಿದರೂ ಇಲ್ಲಿ ಬಾಗಿಲು ಹಾಕಿಕೊಂಡು ಬದುಕಬಹುದಲ್ಲ ಅನಿಸಿ ಕತೆ ಹುಟ್ಟಿತು. ದುಡ್ಡಿಗೆ ಬಂದವರು ಇಟಲಿಯ ನಿರ್ದೇಶಕ ಡಾರಿಯೊ ಅರ್ಜೆಂಟೊ. ರೊಮೆರೊರನ್ನು ರೋಮ್‌ಗೆ ಕರೆಸಿ ಸ್ಕ್ರಿಪ್ಟ್ ಬರೆಯಲು ಜಾಗ ಕೊಟ್ಟರು.

ಒಪ್ಪಂದ ಹೇಗಿತ್ತು ನೋಡಿ. ಇಂಗ್ಲಿಷ್ ಮಾತಾಡದ ದೇಶಗಳಿಗೆ ಅರ್ಜೆಂಟೊ ತಮಗೆ ಬೇಕಾದ ಹಾಗೆ ಕತ್ತರಿಸಬಹುದು. ಇಂಗ್ಲಿಷ್ ಆವೃತ್ತಿ ರೊಮೆರೊದು. ಹಾಗಾಗಿ ಆ ಸಿನಿಮಾ ಹುಟ್ಟಿನಿಂದಲೇ ಎರಡು. ಅರ್ಜೆಂಟೊದು ಚಿಕ್ಕದು, ವೇಗದ್ದು, ಗಾಬ್ಲಿನ್ ತಂಡದ ಸಂಗೀತ ಜಾಸ್ತಿ. ರೊಮೆರೊದರಲ್ಲಿ ನಗು ಜಾಸ್ತಿ, ಮಾಲ್‌ನ ಪೆದ್ದು ಸಂಗೀತ ಜಾಸ್ತಿ. ನನಗೆ ರೊಮೆರೊದೇ ಇಷ್ಟ. ಎಸ್ಕಲೇಟರ್ ಮೇಲೆ ಹೆಣಗಳು ಎಡವಿ ಬೀಳುವುದನ್ನು ನಗದೆ ನೋಡಲು ಆಗುವುದಿಲ್ಲ.

ಚಿತ್ರೀಕರಣ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶುರು, ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಮುಗಿಸಬೇಕು. ಕ್ರಿಸ್ಮಸ್ ಅಲಂಕಾರ ಬಂದಾಗ ಅದನ್ನು ದಿನಾ ಬಿಚ್ಚಿ ಕಟ್ಟುವುದು ಆಗದ ಮಾತು ಅಂತ ಮಾಲ್‌ನಲ್ಲಿ ಕೆಲಸವನ್ನೇ ನಿಲ್ಲಿಸಿದರು. ಮೇಕಪ್ ಮಾಡಿದ ಟಾಮ್ ಸವಿನಿ ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ಛಾಯಾಗ್ರಾಹಕರಾಗಿದ್ದವರು. ಆ ಸಿನಿಮಾದ ರಕ್ತ ತೀರಾ ಕೆಂಪು, ಪೇಂಟ್ ಡಬ್ಬಿಯಿಂದ ಸುರಿದ ಹಾಗೆ. ಸವಿನಿಗೆ ಅದು ಹಿಡಿಸಲಿಲ್ಲ. ರೊಮೆರೊಗೆ ಕಾಮಿಕ್ ಪುಸ್ತಕದ ಥರ ಕಾಣುತ್ತದೆ ಅಂತ ಖುಷಿ.

ಸ್ಕ್ರಿಪ್ಟಿನಲ್ಲಿ ಈ ಸಿನಿಮಾದ ಕೊನೆಗೆ ಉಳಿದ ಇಬ್ಬರೂ ಸಾಯಬೇಕಿತ್ತು. ಕೆಲಸ ಮಾಡುತ್ತಾ ರೊಮೆರೊಗೆ ಅವರನ್ನು ಕೊಲ್ಲಲು ಮನಸ್ಸಾಗಲಿಲ್ಲ. ಹೆಲಿಕಾಪ್ಟರ್ ಹತ್ತಿಸಿ ಕಳಿಸಿದರು. ಹತ್ತು ವರ್ಷದ ಹಿಂದೆ ‘ಸ್ವಲ್ಪ ಆಸೆ ಉಳಿಸಿ’ ಅಂದವರಿಗೆ ಆಗಲ್ಲ ಅಂದ ಮನುಷ್ಯ ಇವರೇ. ಈಗ ಯಾರೂ ಕೇಳದೆ ಆಸೆ ಉಳಿಸಿದರು. ಅವರ ಹಟ ಕೆಟ್ಟ ಕೊನೆಗಾಗಿ ಅಲ್ಲ. ಅದನ್ನು ಯಾರು ತೀರ್ಮಾನಿಸಬೇಕು ಅನ್ನುವುದಕ್ಕಾಗಿ.

ಬಿಡುಗಡೆಯ ಹೊತ್ತಿಗೆ ರೇಟಿಂಗ್‌ನವರು ‘ಎಕ್ಸ್’ ಕೊಡುವ ಸೂಚನೆ ಬಂತು. ಎಕ್ಸ್ ಅಂದರೆ ಅಶ್ಲೀಲ ಚಿತ್ರ ಅಂತಲೇ ಜನ ಅಂದುಕೊಳ್ಳುತ್ತಿದ್ದ ಕಾಲ. ಕತ್ತರಿಸಿದರೆ ಆರಾಮಾಗಿ ಬಿಡುಗಡೆ. ರೊಮೆರೊ ಮತ್ತು ನಿರ್ಮಾಪಕ ರಿಚರ್ಡ್ ರೂಬಿನ್‌ಸ್ಟೈನ್ ರೇಟಿಂಗೇ ಬೇಡ ಅಂದರು. ಹಿಂಸೆ ಇದೆ, ಹದಿನೇಳು ತುಂಬದವರು ಬರಬೇಡಿ ಅಂತ ಪೋಸ್ಟರಿನಲ್ಲಿ ತಾವೇ ಬರೆದುಕೊಂಡರು. ಅಮೆರಿಕದಲ್ಲಿ ರೇಟಿಂಗ್ ಕಡ್ಡಾಯವಲ್ಲ, ಹಾಗಾಗಿ ಇದು ಸಾಧ್ಯವಾಯಿತು. ಹಲವು ಥಿಯೇಟರುಗಳು ಇಂಥವನ್ನು ಹಾಕುತ್ತಿರಲಿಲ್ಲ. ಆದರೂ ಸಿನಿಮಾ ಚೆನ್ನಾಗಿ ಓಡಿತು. ನಮ್ಮಲ್ಲಿ ಈ ದಾರಿ ಇಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಥಿಯೇಟರಿಗೆ ಹೋಗಬೇಕಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕೇ ಬೇಕು. ಅದಕ್ಕೇ ‘ರೊಮೆರೊ ಥರ ಮಾಡ್ತೀನಿ’ ಅನ್ನುವವರು ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

1985ರ ‘ಡೇ ಆಫ್ ದಿ ಡೆಡ್’ ಹೊತ್ತಿಗೆ ಚೌಕಾಸಿ ಅಂಕಿಯಲ್ಲೇ ಬಂತು. ಹದಿನೇಳು ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬಹುದಾದ ‘ಆರ್’ ರೇಟಿಂಗ್‌ಗೆ ಒಪ್ಪಿದರೆ 70 ಲಕ್ಷ ಡಾಲರ್. ರೇಟಿಂಗ್ ಇಲ್ಲದೆ ಬೇಕಾದರೆ ಅದರ ಅರ್ಧ, 35 ಲಕ್ಷ. ರೊಮೆರೊ ಅರ್ಧ ತೆಗೆದುಕೊಂಡರು. ಬರೆದಿದ್ದ ದೊಡ್ಡ ಕತೆಯನ್ನು ಮಡಚಿ, ಹತ್ತಾರು ಜನ ನೆಲದೊಳಗಿನ ಗವಿಯಲ್ಲಿ ಕೂತು ಜಗಳವಾಡುವ ಕತೆ ಮಾಡಿದರು. ಬಹುಪಾಲು ಚಿತ್ರಿಸಿದ್ದು ಪೆನ್ಸಿಲ್ವೇನಿಯಾದ ವಾಂಪಮ್ ಅನ್ನುವಲ್ಲಿನ ಸುಣ್ಣಕಲ್ಲಿನ ಗಣಿಯಲ್ಲಿ. ಕರುಳು ಹೊರಬರುವ ದೃಶ್ಯಕ್ಕೆ ತಂದಿಟ್ಟ ಹಂದಿ ಕರುಳು, ಫ್ರಿಜ್ ಕೆಟ್ಟು ಕೊಳೆತುಹೋಗಿತ್ತಂತೆ. ಅದನ್ನೇ ಬಳಸಿದರು. ಆ ನಟನ ಮುಖದ ಮೇಲಿನ ಅಸಹ್ಯ ನಟನೆಯಲ್ಲ.

ಈ ಆಯ್ಕೆ ಸರಿಯೇ? ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸವಿನಿಯ ಮೇಕಪ್ ಅದ್ಭುತ, ನಿಜ. ಆದರೆ ಬಿಟ್ಟುಕೊಟ್ಟ ಕತೆ ದೊಡ್ಡದಿತ್ತು, ಉಳಿದ ಕತೆಯಲ್ಲಿ ಕೂಗಾಟ ಜಾಸ್ತಿ. ರಕ್ತಕ್ಕಾಗಿ ಕತೆಯ ಅಗಲ ಕೊಟ್ಟುಬಿಟ್ಟರೇನೋ ಅಂತ ಪ್ರತಿ ಸಲ ಅನಿಸುತ್ತದೆ. ನಿಮಗೆ ಬೇರೆ ಅನಿಸಬಹುದು, ಜಗಳಕ್ಕೆ ಸಿದ್ಧ.

ಇನ್ನೊಂದು ಸಿನಿಮಾದ ವಿಷಯ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. 1973ರಲ್ಲಿ ಲೂಥರನ್ ಚರ್ಚಿನ ಒಂದು ಸೇವಾ ಸಂಸ್ಥೆ ರೊಮೆರೊಗೆ ಕೆಲಸ ಕೊಟ್ಟಿತು. ವಯಸ್ಸಾದವರನ್ನು ಸಮಾಜ ಹೇಗೆ ನೋಡಿಕೊಳ್ಳುತ್ತದೆ ಅಂತ ತಿಳಿಸುವ ಚಿತ್ರ ಬೇಕಿತ್ತು. ಇವರು ಮಾಡಿಕೊಟ್ಟದ್ದು ‘ದಿ ಅಮ್ಯೂಸ್‌ಮೆಂಟ್ ಪಾರ್ಕ್’. ಬಿಳಿ ಸೂಟಿನ ಮುದುಕರೊಬ್ಬರು ಮನರಂಜನಾ ಪಾರ್ಕಿಗೆ ಹೋಗುತ್ತಾರೆ. ಟಿಕೆಟ್ ಕೌಂಟರಿನಿಂದ ಹಿಡಿದು ಪ್ರತಿಯೊಂದು ಕಡೆ ಅವಮಾನ, ಪೆಟ್ಟು. ಒಂದು ಗಂಟೆಯೂ ಇಲ್ಲದ ಸಿನಿಮಾ, ಒಂದು ದೆವ್ವವೂ ಇಲ್ಲ. ಮಾಡಿಸಿದವರು ಅದನ್ನು ಪಕ್ಕಕ್ಕಿಟ್ಟರು. 2017ರಲ್ಲಿ, ರೊಮೆರೊ ತೀರಿಕೊಂಡ ವರ್ಷವೇ, ಒಂದು ಹಳೆಯ 16 ಎಂಎಂ ಪ್ರಿಂಟ್ ಸಿಕ್ಕಿತು. ಸರಿಪಡಿಸಿ 2021ರಲ್ಲಿ ಬಿಡುಗಡೆ ಮಾಡಿದರು. ಕಾಪಿರೈಟ್ ತಪ್ಪಿ ಊರೆಲ್ಲ ಓಡಾಡಿದ ಸಿನಿಮಾ ಒಂದು, ಹೆಚ್ಚು ಜನ ನೋಡದೆ ಸುಮಾರು ಐವತ್ತು ವರ್ಷ ಡಬ್ಬಿಯಲ್ಲಿದ್ದದ್ದು ಇನ್ನೊಂದು. ಎರಡೂ ಒಬ್ಬರದೇ.

(ಇದಾದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ.)

‘ಈಗ ಮೊಬೈಲಿನಲ್ಲೇ ಸಿನಿಮಾ ಮಾಡಬಹುದಲ್ವಾ ಸರ್, ಇಷ್ಟೆಲ್ಲ ಕಷ್ಟ ಯಾಕೆ?’ ಅಂತ ಒಬ್ಬರು ಕೇಳಿದರು. ಮಾಡಬಹುದಪ್ಪಾ. ಕ್ಯಾಮೆರಾ ಈಗ ನಿಜವಾಗಿಯೂ ಸಮಸ್ಯೆ ಅಲ್ಲ. ಧ್ವನಿ ಸಮಸ್ಯೆ. ದೆವ್ವದ ಸಿನಿಮಾದಲ್ಲಿ ಅರ್ಧ ಹೆದರಿಕೆ ಕಿವಿಯಿಂದ ಬರುತ್ತದೆ, ಮೊದಲ ದುಡ್ಡನ್ನು ಅಲ್ಲಿ ಹಾಕಿ. ಆಮೇಲೆ ಯಾವುದೇ ಒಟಿಟಿಯವರು ಬಂದು ‘ತಗೋತೀವಿ’ ಅಂದಾಗ, ಒಪ್ಪಂದದಲ್ಲಿ ‘ಅಗತ್ಯವಿದ್ದರೆ ಬದಲಾವಣೆ ಮಾಡುವ ಹಕ್ಕು’ ಅನ್ನುವ ಸಾಲು ಯಾರ ಕಡೆಗಿದೆ ಅಂತ ಓದಿ. ವಕೀಲರಿಗೆ ತೋರಿಸಿ. ಇಮೇಜ್ ಟೆನ್‌ನಲ್ಲಿ ಹತ್ತು ಜನ ಇದ್ದರೂ ಹೊಸ ಶೀರ್ಷಿಕೆಯ ಫ್ರೇಮನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

‘ರೊಮೆರೊ ಬೇರೆ ಸಿನಿಮಾ ನೋಡಬೇಕು ಅಂದ್ರೆ ಮೊದಲು ಯಾವುದು?’ ಅಂತ ಇನ್ನೊಬ್ಬರು ಕೇಳಿದರು. ‘ಮಾರ್ಟಿನ್’, 1977ರದು. ತಮ್ಮ ಸಿನಿಮಾಗಳಲ್ಲಿ ಅವರಿಗೆ ಅದೇ ಪ್ರೀತಿಯದಾಗಿತ್ತು. ಉಕ್ಕಿನ ಕಾರ್ಖಾನೆಗಳು ಕುಂದುತ್ತಿದ್ದ ಬ್ರಾಡಕ್ ಅನ್ನುವ ಊರಿನಲ್ಲಿ ನಡೆಯುವ ಕತೆ. ತಾನು ರಕ್ತಪಿಶಾಚಿ ಅಂತ ನಂಬಿರುವ ಹುಡುಗ. ಕೋರೆಹಲ್ಲಿಲ್ಲ. ಇಂಜೆಕ್ಷನ್ ಸಿರಿಂಜ್, ಬ್ಲೇಡ್ ಇಟ್ಟುಕೊಂಡು ಓಡಾಡುತ್ತಾನೆ. ಅವನ ಮನೆಯ ಹಿರಿಯರಂತೂ ಅವನಿಗಿಂತ ಜಾಸ್ತಿ ನಂಬಿದ್ದಾರೆ. ಬಾಗಿಲಿಗೆಲ್ಲ ಬೆಳ್ಳುಳ್ಳಿ ಕಟ್ಟುತ್ತಾರೆ. ಹುಡುಗ ಅದನ್ನು ಕಿತ್ತು ಕಚ್ಚಿ ತಿಂದು ತೋರಿಸುತ್ತಾನೆ. ಊಟ ತಿಂಡಿ ಅಂದರೆ ಬಾಯಿ ಚಪ್ಪರಿಸುವ ಪಾದ್ರಿಯೊಬ್ಬರು ಬರುತ್ತಾರೆ, ಅವರು ಸ್ವತಃ ರೊಮೆರೊ. ಮೊದಲ ರೈಲಿನ ದೃಶ್ಯ ಕಷ್ಟದ್ದು, ಮಕ್ಕಳ ಮುಂದೆ ಹಾಕಬೇಡಿ. ಕೊನೆ ನಾನು ಹೇಳುವುದಿಲ್ಲ. ಮುಂದಿನ ತಿಂಗಳು ಪ್ರೊಜೆಕ್ಟರ್ ಸಿಕ್ಕರೆ ಇಲ್ಲೇ ಹಾಕೋಣ.